ಟಿ.ವಿ.ಗೆ ಸಿಗದ ಮಧ್ಯಾಹ್ನದ ಗ್ರ್ಯಾಮಿ

ಪ್ರಿಯ ಓದುಗರೇ,

ಗ್ರ್ಯಾಮಿ ಪ್ರಶಸ್ತಿಗಳ ಬಗ್ಗೆ ನಾವು ಪ್ರಕಟಿಸಿದ ಲೇಖನ ಓದಿ ನೀವು ಬರೆದ ಪತ್ರದಲ್ಲಿ ಎರಡು ಆಕ್ಷೇಪಗಳಿವೆ. ಅಮೆರಿಕದ ಸಂಗೀತೋದ್ಯಮ ತನ್ನವರಿಗೆ ತಾನೇ ಹಂಚುವ ಈ ಪ್ರಶಸ್ತಿಗೆ ಅಷ್ಟೊಂದು ಪುಟಗಳೇಕೆ ಎಂಬುದು ಒಂದು. ನಮ್ಮವರಿಗೆ ಬರುವವೆಲ್ಲ ಟಿ.ವಿ.ಯಲ್ಲೂ ತೋರಿಸದ ಚಿಲ್ಲರೆ ವಿಭಾಗದ ಪ್ರಶಸ್ತಿಗಳು, ಅವನ್ನು ಹಾಡಿ ಹೊಗಳುವುದು ಆತ್ಮವಂಚನೆ ಎಂಬುದು ಇನ್ನೊಂದು.

ಮೊದಲನೆಯದರಲ್ಲಿ ಸತ್ಯಾಂಶವಿದೆ. ದಿ ವೀಕೆಂಡ್ ಎಂಬ ಜನಪ್ರಿಯ ಗಾಯಕನಿಗೆ 2021ರಲ್ಲಿ ಒಂದೇ ಒಂದು ನಾಮನಿರ್ದೇಶನವೂ ಸಿಗದಿದ್ದಾಗ, ಅಂತಿಮ ಪಟ್ಟಿಯನ್ನು ತೆರೆಮರೆಯಲ್ಲಿ ತೀರ್ಮಾನಿಸುತ್ತಿದ್ದ ಅನಾಮಧೇಯ ಸಮಿತಿಗಳ ವಿರುದ್ಧ ಕೂಗೆದ್ದಿತು. ಆ ವರ್ಷದ ಏಪ್ರಿಲ್‌ನಲ್ಲಿ ಗ್ರ್ಯಾಮಿ ಕೊಡುವ ಸಂಸ್ಥೆಯಾದ ರೆಕಾರ್ಡಿಂಗ್ ಅಕಾಡೆಮಿ ಪ್ರಮುಖ ವಿಭಾಗಗಳಲ್ಲಿ ಆ ಸಮಿತಿಗಳನ್ನು ಕೈಬಿಡಬೇಕಾಯಿತು. ಅಷ್ಟನ್ನು ಒಪ್ಪುತ್ತೇನೆ.

ಎರಡನೆಯ ಮಾತನ್ನು ಮಾತ್ರ ನಿಮ್ಮಂಥ ರಸಿಕರಿಂದ ನಿರೀಕ್ಷಿಸಿರಲಿಲ್ಲ. ರವಿಶಂಕರ್ ಮತ್ತು ಪಿಟೀಲು ವಾದಕ ಯೆಹೂದಿ ಮೆನುಹಿನ್ ಕೂಡಿ ನುಡಿಸಿದ ಎಲ್‌ಪಿಯನ್ನು ಇಂದಿಗೂ ಜೋಪಾನವಾಗಿಟ್ಟಿದ್ದೇನೆ ಎಂದು ನೀವೇ ಬರೆದಿದ್ದೀರಿ. ಅದಕ್ಕೆ 1968ರಲ್ಲಿ ಗ್ರ್ಯಾಮಿ ಬಂದದ್ದು ಕೆಲವೇ ವಾದಕರು ಕೂಡಿ ನುಡಿಸುವ ಚೇಂಬರ್ ಸಂಗೀತದ ವಿಭಾಗದಲ್ಲಿ. ಸಮಾರಂಭದ ನೇರ ಪ್ರಸಾರ ಶುರುವಾದದ್ದೇ 1971ರಲ್ಲಿ. ಟಿ.ವಿ.ಯಲ್ಲಿ ಬರಲಿಲ್ಲವೆಂದು ಆ ಸಿತಾರಿನ ನಾದ ನಿಮಗೆ ಕಡಿಮೆಯಾಗಿ ಕೇಳಿಸಿತೇ?

ಗ್ರ್ಯಾಮಿಯಲ್ಲಿ ಈಗ 90ಕ್ಕೂ ಹೆಚ್ಚು ವಿಭಾಗಗಳಿವೆ. ಸಂಜೆಯ ಟಿ.ವಿ. ಕಾರ್ಯಕ್ರಮದಲ್ಲಿ ಕಾಣುವುದು ಹತ್ತೋ ಹನ್ನೆರಡೋ. ಉಳಿದವನ್ನು ಅದೇ ದಿನ ಮಧ್ಯಾಹ್ನ ಕೊಟ್ಟು ಮುಗಿಸುತ್ತಾರೆ. ಶಾಸ್ತ್ರೀಯ, ಜಾಜ್, ಬ್ಲೂಸ್, ಜಾನಪದ ಎಲ್ಲವೂ ಅಲ್ಲಿಗೇ ಸೇರಿದವು. 2024ರಲ್ಲಿ ಜಾಕಿರ್ ಹುಸೇನ್ ಒಂದೇ ದಿನ ಮೂರು ಗ್ರ್ಯಾಮಿ ಪಡೆದದ್ದೂ ಆ ಮಧ್ಯಾಹ್ನದ ಸಭೆಯಲ್ಲೇ. ವಾದ್ಯವೃಂದ ನಿರ್ದೇಶಕ ಜಾರ್ಜ್ ಶೋಲ್ಟಿ ಅವರ 31 ಗ್ರ್ಯಾಮಿಗಳ ದಾಖಲೆ ಅವರು ತೀರಿಕೊಂಡು ಕಾಲು ಶತಮಾನವಾದರೂ ಉಳಿದಿತ್ತು; 2023ರಲ್ಲಿ ಬಿಯಾನ್ಸೆ ಅದನ್ನು ದಾಟುವ ಹೊತ್ತಿಗೆ ಟಿ.ವಿ. ಮುಂದೆ ಕೂತ ಎಷ್ಟು ಜನಕ್ಕೆ ಶೋಲ್ಟಿಯವರ ಹೆಸರು ಗೊತ್ತಿತ್ತು?

ಹಳೆಯ ಧ್ವನಿಮುದ್ರಣಗಳ ಸಂಗ್ರಹಕ್ಕೆ ಕೊಡುವ ಚಾರಿತ್ರಿಕ ಆಲ್ಬಂ ಎಂಬ ವಿಭಾಗವನ್ನೇ ನೋಡಿ. ಮಿಸಿಸಿಪ್ಪಿಯ ಬ್ಲೂಸ್ ಗಾಯಕ ರಾಬರ್ಟ್ ಜಾನ್ಸನ್ 1936ರಲ್ಲಿ ಸ್ಯಾನ್ ಆಂಟೋನಿಯೊದಲ್ಲಿ, 1937ರಲ್ಲಿ ಡಲ್ಲಾಸ್‌ನಲ್ಲಿ ಧ್ವನಿಮುದ್ರಿಸಿದ್ದು ಒಟ್ಟು 29 ಹಾಡು. 1938ರಲ್ಲಿ, 27ರ ಹರೆಯದಲ್ಲಿ ಆತ ತೀರಿಕೊಂಡ. ಆ ಹಾಡುಗಳ ಸಮಗ್ರ ಸಂಗ್ರಹಕ್ಕೆ 1991ರಲ್ಲಿ ಗ್ರ್ಯಾಮಿ ಬಂತು. ಇಂಥ ಸಂಗ್ರಹ ಸಿದ್ಧಪಡಿಸುವವರು ಉಳಿದಿರುವ ಹಳೆಯ ಗ್ರಾಮಫೋನ್ ತಟ್ಟೆಗಳಲ್ಲಿ ಕಡಿಮೆ ಸವೆದದ್ದನ್ನು ಹುಡುಕಬೇಕು, ಅದರ ಸುರುಳಿ ಗೆರೆಗೆ ಹೊಂದುವ ಮುಳ್ಳನ್ನು ಆರಿಸಬೇಕು, ತಟ್ಟೆ ತಿರುಗಬೇಕಾದ ವೇಗವನ್ನು ಕಿವಿಯಿಂದಲೇ ನಿಶ್ಚಯಿಸಬೇಕು. ಗೀರಿನ ಸದ್ದನ್ನು ಅಳಿಸಲು ಹೊರಟು ಒಂದು ಎಳೆ ಹೆಚ್ಚು ಕೈಯಾಡಿಸಿದರೆ ಗಿಟಾರಿನ ತಂತಿಯ ಕಂಪನವೂ ಅಳಿಸಿಹೋಗುತ್ತದೆ. ಈ ತಾಳ್ಮೆಗೆ ಸಲ್ಲುವ ಗೌರವವನ್ನು ಚಿಲ್ಲರೆ ಎನ್ನಲು ನನಗೆ ನಾಲಿಗೆ ಏಳುವುದಿಲ್ಲ.

ಕೊಲೊರಾಡೊದ ರಿಡ್ಜ್‌ವೇ ಎಂಬ ಸಣ್ಣ ಊರಿನ ಕಾರ್ಯಾಗಾರದಲ್ಲಿ ಬೆರಳೆಣಿಕೆಯ ಕುಶಲಕರ್ಮಿಗಳು ಗ್ರ್ಯಾಮಿ ಗೆದ್ದವರಿಗೆ ಕೊಡುವ ಗ್ರಾಮಫೋನ್ ಆಕಾರದ ಪ್ರತಿಮೆಗಳನ್ನು ಕೈಯಿಂದಲೇ ಎರಕ ಹೊಯ್ದು, ಉಜ್ಜಿ, ಚಿನ್ನದ ಲೇಪ ಕೊಡುತ್ತಾರೆ. ವೇದಿಕೆಯ ಮೇಲೆ ಕೈಗಿಡುವ ಪ್ರತಿಮೆಯಲ್ಲಿ ಯಾರ ಹೆಸರೂ ಇರುವುದಿಲ್ಲ. ಫಲಿತಾಂಶ ಹೊರಬಿದ್ದ ಮೇಲೆ ಹೆಸರು ಕೆತ್ತಿದ ಪ್ರತಿಮೆ ವಿಜೇತರ ಮನೆಗೆ ಹೋಗುತ್ತದೆ. ತಾರೆಗೆ ದೊಡ್ಡದು, ಧ್ವನಿ ತಂತ್ರಜ್ಞನಿಗೆ ಚಿಕ್ಕದು ಎಂಬ ಭೇದ ಅಲ್ಲಿಲ್ಲ.

ಟಿ.ವಿ.ಯ ತಕ್ಕಡಿಯನ್ನು ನಂಬಿ ಕೆಟ್ಟ ಉದಾಹರಣೆಗಳೂ ಇವೆ. 1989ರಲ್ಲಿ ಮೊಟ್ಟಮೊದಲ ಬಾರಿಗೆ ರ‍್ಯಾಪ್‌ಗೆ ಪ್ರಶಸ್ತಿ ಇಟ್ಟ ಅಕಾಡೆಮಿ ಅದನ್ನು ಪ್ರಸಾರದಿಂದ ಹೊರಗಿಟ್ಟಿತು. ಗೆದ್ದ ಡಿಜೆ ಜಾಝಿ ಜೆಫ್ ಮತ್ತು ವಿಲ್ ಸ್ಮಿತ್ ಜೋಡಿ ಸಮಾರಂಭಕ್ಕೇ ಹೋಗಲಿಲ್ಲ. ಆ ಸಂಗೀತ ಮುಂದೆ ಎಲ್ಲಿಗೆ ಮುಟ್ಟಿತೆಂದು ನಿಮಗೆ ನಾನು ಹೇಳಬೇಕಿಲ್ಲ. 2011ರಲ್ಲಿ ಅಕಾಡೆಮಿ 109 ವಿಭಾಗಗಳನ್ನು 78ಕ್ಕೆ ಇಳಿಸಿದಾಗ ಲ್ಯಾಟಿನ್ ಜಾಜ್‌ಗೆ ತನ್ನದೇ ವಿಭಾಗವಿಲ್ಲದಂತಾಯಿತು. ಆ ಸಂಗೀತದ ಡ್ರಮ್ಸ್ ವಾದಕ ಬಾಬಿ ಸನಾಬ್ರಿಯಾ ಮತ್ತವರ ಸಂಗಡಿಗರು ಸುಮ್ಮನೆ ಕೂರದೆ ನ್ಯಾಯಾಲಯದವರೆಗೆ ಹೋದರು. ಮರುವರ್ಷವೇ ಅಕಾಡೆಮಿ ಆ ವಿಭಾಗವನ್ನು ಮರಳಿ ತಂದಿತು. ನೀವು ಚಿಲ್ಲರೆ ಎನ್ನುವ ವಿಭಾಗ ಅದರ ಕಲಾವಿದರಿಗೆ ಅಷ್ಟು ದೊಡ್ಡದಾಗಿತ್ತು.

1964ರಿಂದ ಆಲ್ಬಮ್ಮಿನ ಟಿಪ್ಪಣಿ ಬರೆದವರಿಗೂ ಗ್ರ್ಯಾಮಿ ಇದೆ. ಬಾಬ್ ಡಿಲನ್ ಆಲ್ಬಂ ಒಂದಕ್ಕೆ ಬರೆದ ಟಿಪ್ಪಣಿಗಾಗಿ ಗಾಯಕ ಜಾನಿ ಕ್ಯಾಶ್ 1970ರಲ್ಲಿ ಅದನ್ನು ಪಡೆದರು. ನನ್ನ ತಲೆಮಾರಿನವರು ಬಾಸ್ ನುಡಿಸಿದವರು ಯಾರು, ಡ್ರಮ್ಸ್ ಯಾರದು, ಯಾವ ಸ್ಟುಡಿಯೊ, ಯಾವ ತಂತ್ರಜ್ಞ ಎಂದು ಕಲಿತದ್ದು ಎಲ್‌ಪಿ ಹೊದಿಕೆಯ ಹಿಂಬದಿಯನ್ನು ಓದಿ. ಇಂದು ಫೋನಿನಲ್ಲಿ ಹಾಡು ಹಚ್ಚಿದರೆ ಒಂದು ಚಿತ್ರ, ಒಂದು ಹೆಸರು ಕಾಣುತ್ತದೆ. ಉಳಿದವರನ್ನು ಯಾವುದೋ ಮೂಲೆಯಲ್ಲಿ ಒತ್ತಿ ಹುಡುಕಬೇಕು, ಹುಡುಕಿದರೂ ಎಲ್ಲರೂ ಸಿಗುವುದಿಲ್ಲ. ಪತ್ರಿಕೆಗಳಾದರೂ ಈ ಕೊರತೆ ತುಂಬಬೇಕಿತ್ತು. ನಾವು ಯಾವ ಗಾಯಕಿ ಯಾವ ಉಡುಪು ತೊಟ್ಟಿದ್ದಳೆಂದು ಅಚ್ಚು ಹಾಕುತ್ತೇವೆ, ಅವಳ ದನಿಯನ್ನು ಹಿಡಿದುಕೊಟ್ಟ ತಂತ್ರಜ್ಞನ ಹೆಸರನ್ನು ಬಿಡುತ್ತೇವೆ. ನನಗೆ ಸಿಟ್ಟು ಬರುವುದು ಇದಕ್ಕೆ.

ಆದ್ದರಿಂದ ಪುಟ ಕಡಿಮೆ ಮಾಡಿ ಎಂಬ ನಿಮ್ಮ ಸಲಹೆಯನ್ನು ಪಾಲಿಸಲಾರೆ. ಮುಂದಿನ ಗ್ರ್ಯಾಮಿಗೆ ಉಡುಪಿನ ಚಿತ್ರಗಳನ್ನು ಬಿಟ್ಟು, ಮಧ್ಯಾಹ್ನದ ವಿಜೇತರ ಪೂರ್ಣ ಪಟ್ಟಿಯನ್ನು ನಿರ್ಮಾಪಕರು ಮತ್ತು ತಂತ್ರಜ್ಞರ ಹೆಸರಿನೊಂದಿಗೆ ಪ್ರಕಟಿಸುತ್ತೇವೆ. ಆ ಸಭೆಯನ್ನು ಅಂತರಜಾಲದಲ್ಲಿ ನೇರವಾಗಿ ನೋಡಬಹುದು. ಲಾಸ್ ಏಂಜಲೀಸ್‌ನ ಮಧ್ಯಾಹ್ನವೆಂದರೆ ನಮಗೆ ನಡುರಾತ್ರಿ ದಾಟಿರುತ್ತದೆ. ಒಮ್ಮೆ ನಿದ್ದೆಗೆಟ್ಟು ನೋಡಿ, ಆಮೇಲೂ ಜಗಳಕ್ಕೆ ಕಾರಣ ಉಳಿದಿದ್ದರೆ ದಯವಿಟ್ಟು ಮತ್ತೆ ಬರೆಯಿರಿ.

– ಸಂಪಾದಕ