2 ಎಂಎಂ ದಪ್ಪದ ಪೈಪಿನಲ್ಲಿ ಎಂ8 ಬೋಲ್ಟ್ ಗಟ್ಟಿಯಾಗಿ ನಿಲ್ಲಬೇಕೆಂದರೆ

ಪ್ರಶ್ನೆ: ಪೀಣ್ಯದಲ್ಲಿ ನಮ್ಮದೊಂದು ಸಣ್ಣ ಫ್ಯಾಬ್ರಿಕೇಷನ್ ಶಾಪ್ ಇದೆ. ಜಿಮ್ ಸಾಮಾನಿನ 2 ಎಂಎಂ ದಪ್ಪದ ಎಂಎಸ್ (ಮೈಲ್ಡ್ ಸ್ಟೀಲ್) ಸ್ಕ್ವೇರ್ ಪೈಪಿಗೆ ಎಂ8 (8 ಎಂಎಂ ವ್ಯಾಸದ) ಬೋಲ್ಟ್ ಕೂರಿಸಬೇಕು. ಒಳಗೆ ನಟ್ ಹಿಡಿಯಲು ಜಾಗವಿಲ್ಲ, ವೆಲ್ಡ್ ಮಾಡಿದರೆ ಪೈಪ್ ಸೊಟ್ಟಗಾಗುತ್ತದೆ. ಫ್ರಿಕ್ಷನ್ ಡ್ರಿಲ್ ಮಾಡಿ ಎಂದರು ಒಬ್ಬರು. ಹಳೆಯ ಎಚ್‌ಎಸ್‌ಎಸ್ (ಹೈ ಸ್ಪೀಡ್ ಸ್ಟೀಲ್) ಬಿಟ್ಟನ್ನೇ ಮೊನೆ ಮಾಡಿ ನಮ್ಮ ಪಿಲ್ಲರ್ ಡ್ರಿಲ್ಲಿಗೆ ಹಾಕಬಹುದೇ ಸರ್? ಕೆಲವು ಪೈಪುಗಳು ಜಿಐ, ಅಂದರೆ ಸತು ಲೇಪದವು.

ಉತ್ತರ: ನಿಮಗೆ ಸಲಹೆ ಕೊಟ್ಟವರು ಸರಿಯಾಗಿಯೇ ಹೇಳಿದ್ದಾರೆ. ಆದರೆ ಎಚ್‌ಎಸ್‌ಎಸ್ ಬಿಟ್ ಖಂಡಿತ ಬೇಡ.

ಎಂ8 ಥ್ರೆಡ್ಡಿನ ಪಿಚ್, ಅಂದರೆ ಒಂದು ಸುತ್ತಿನಿಂದ ಮುಂದಿನ ಸುತ್ತಿಗಿರುವ ಅಂತರ, 1.25 ಎಂಎಂ. ಪೈಪಿನ ದಪ್ಪ 2 ಎಂಎಂ ಆದ್ದರಿಂದ, ಮಾಮೂಲಿ ತೂತು ಕೊರೆದು ಟ್ಯಾಪ್ ಮಾಡಿದರೆ (ಒಳಗೆ ಥ್ರೆಡ್ ತೆಗೆದರೆ) ಸಿಗುವುದು ಒಂದೂವರೆ ಸುತ್ತು ಥ್ರೆಡ್ ಮಾತ್ರ. ನಾಲ್ಕು ಸಲ ಬಿಗಿಯುವಷ್ಟರಲ್ಲಿ ಅದು ಕಿತ್ತುಬರುತ್ತದೆ. ಫ್ರಿಕ್ಷನ್ ಡ್ರಿಲ್ಲಿಗೆ ಕತ್ತರಿಸುವ ಅಂಚೇ ಇಲ್ಲ, ಚಿಪ್ಸ್ ಬೀಳುವುದೂ ಇಲ್ಲ. ಮೊನೆಯಾದ ಕಾರ್ಬೈಡ್ ಟೂಲ್ ವೇಗವಾಗಿ ತಿರುಗುತ್ತಾ ಶೀಟನ್ನು ಒತ್ತುತ್ತದೆ, ತಿಕ್ಕಾಟದ ಶಾಖಕ್ಕೆ ಉಕ್ಕು ಸುಮಾರು 600 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾದು ಮೆತ್ತಗಾಗುತ್ತದೆ. ಬಿಸಿ ಮುದ್ದೆಗೆ ಹೆಬ್ಬೆರಳು ಒತ್ತಿದಾಗ ಹಿಟ್ಟು ಸರಿದು ಗುಳಿ ಬೀಳುವಂತೆ, ಇಲ್ಲಿ ಲೋಹ ಮೊದಲು ಸ್ವಲ್ಪ ಮೇಲಕ್ಕೆ, ಆಮೇಲೆ ಬಹುಪಾಲು ಕೆಳಕ್ಕೆ ಹರಿದು ಬುಷ್ (ತೂತಿನ ಸುತ್ತ ಗಿಡ್ಡ ಕೊಳವೆ) ಆಗುತ್ತದೆ. ಆ ಬುಷ್ಷಿನ ಎತ್ತರ ಶೀಟಿನ ದಪ್ಪದ ಸುಮಾರು ಮೂರು ಪಟ್ಟು. ಅಂದರೆ ನಿಮ್ಮ 2 ಎಂಎಂ ಪೈಪಿನಲ್ಲಿ ನಾಲ್ಕೈದು ಸುತ್ತು ಥ್ರೆಡ್ ನಿಲ್ಲುತ್ತದೆ, ಅದೂ ಹೊರಗಿನಿಂದಲೇ, ಕೆಲವೇ ಸೆಕೆಂಡುಗಳಲ್ಲಿ. ಈ ವಿಧಾನವನ್ನು ನಾನು ಇಷ್ಟು ಮೆಚ್ಚುವುದು ಇದಕ್ಕೇ: ಕೊರೆದು ಬಿಸಾಡುವ ಲೋಹವೇ ಇಲ್ಲಿ ನಟ್ಟಿನ ಕೆಲಸ ಮಾಡುತ್ತದೆ.

1923ರಲ್ಲೇ ಫ್ರಾನ್ಸಿನ ಜಾನ್ ಕ್ಲೋಡ್ ದ ವಾಲಿಯೇರ್ ಇದಕ್ಕೆ ಕೈಹಾಕಿದ್ದರು. ಶಾಖ ತಡೆಯುವ ಟೂಲೂ ಸರಿಯಾದ ಆಕಾರವೂ ಸಿಗದೆ ಆಗ ಅದು ಕಾರ್ಖಾನೆಗೆ ಬರಲಿಲ್ಲ. ನಿಮ್ಮ ಎಚ್‌ಎಸ್‌ಎಸ್ ಬಿಟ್ಟಿಗೂ ಇದೇ ತೊಂದರೆ. ಟಂಗ್‌ಸ್ಟನ್ ಕಾರ್ಬೈಡಿನ ಟೂಲನ್ನೇ ಕೊಳ್ಳಿ. ಅದರ ಅಡ್ಡಕೊಯ್ತ ಪೂರ್ತಿ ದುಂಡಗಿರುವುದಿಲ್ಲ, ಸಣ್ಣ ಉಬ್ಬುಗಳಿರುತ್ತವೆ. ಅದನ್ನು ಕೈಯಲ್ಲಿ ಗ್ರೈಂಡ್ ಮಾಡಲಾಗದು.

ಪಿಲ್ಲರ್ ಡ್ರಿಲ್ ಸಾಕು, 2000 ಆರ್‌ಪಿಎಂ ಮೇಲೆ ಓಡಬೇಕು, ಮೋಟರ್ 2 ಎಚ್‌ಪಿ ಇದ್ದರೆ ನೆಮ್ಮದಿ. ಆದರೆ ಟೂಲನ್ನು ಮೂರು ಹಲ್ಲಿನ ಚಕ್ಕಿನಲ್ಲಿ ಹಿಡಿಯಬೇಡಿ. ಕೂಲಿಂಗ್ ಡಿಸ್ಕ್ ಇರುವ ಕಾಲೆಟ್ ಹೋಲ್ಡರ್ (ಟೂಲಿನ ಬುಡವನ್ನು ಸುತ್ತಲೂ ಹಿಡಿಯುವ ಹಿಡಿಕೆ) ಬೇಕು, ಇಲ್ಲದಿದ್ದರೆ ಶಾಖ ಸ್ಪಿಂಡಲ್ ಬೇರಿಂಗಿಗೆ ಏರುತ್ತದೆ. ಟೂಲಿಗೆ ಅದರದೇ ಪೇಸ್ಟ್ ಹಚ್ಚಿ. ಮೊದಲು ಗಟ್ಟಿಯಾಗಿ ಒತ್ತಿ, ಲೋಹ ಮೆತ್ತಗಾದ ತಕ್ಷಣ ಫೀಡ್ (ಟೂಲ್ ಇಳಿಸುವ ವೇಗ) ಹೆಚ್ಚಿಸಿ. ಅರ್ಧದಲ್ಲಿ ನಿಲ್ಲಿಸಿದರೆ ಲೋಹ ತಣಿದು ಕಾರ್ಬೈಡನ್ನು ಕಚ್ಚಿಕೊಳ್ಳುತ್ತದೆ, ಟೂಲ್ ಮುರಿಯುತ್ತದೆ.

ಥ್ರೆಡ್ಡಿಗೆ ಕತ್ತರಿಸುವ ಟ್ಯಾಪ್ ಬೇಡ, ಬುಷ್ಷಿನ ಗೋಡೆ ಸವೆಯುತ್ತದೆ. ಲೋಹವನ್ನು ಕತ್ತರಿಸದೆ ಒತ್ತಿಯೇ ಥ್ರೆಡ್ ಮೂಡಿಸುವ ಫಾರ್ಮಿಂಗ್ ಟ್ಯಾಪ್ ಹಾಕಿ. ಇದಕ್ಕೆ ಎಂ8ಗೆ ತೂತು ಮಾಮೂಲಿ ಟ್ಯಾಪಿನಂತೆ 6.8 ಅಲ್ಲ, 7.3 ಎಂಎಂ ಇರಬೇಕು.

ಜಿಐ ಪೈಪಿನ ವಿಷಯಕ್ಕೆ ಬಂದರೆ, ಸತು 420 ಡಿಗ್ರಿಯಲ್ಲೇ ಕರಗುತ್ತದೆ. ಹಾಗಾಗಿ ತೂತಿನ ಸುತ್ತ ಲೇಪ ಹೋಗುತ್ತದೆ, ಹೊಗೆಯೂ ಬರಬಹುದು. ಎಕ್ಸಾಸ್ಟ್ ಫ್ಯಾನ್ ಹಾಕಿಕೊಂಡೇ ಮಾಡಿ, ಆಮೇಲೆ ಜಿಂಕ್ ಪ್ರೈಮರ್ ಬಳಿಯಿರಿ. ತಿಂಗಳಿಗೆ ಹತ್ತಿಪ್ಪತ್ತು ತೂತು ಅಷ್ಟೇ ಎಂದರೆ ಇದಕ್ಕೆ ಹಣ ಹಾಕಬೇಡಿ, ಹೊರಗಿನಿಂದಲೇ ತೂತಿಗೆ ಕೂರಿಸುವ ರಿವೆಟ್ ನಟ್ ಸಾಕು.