ಹುಲ್ಲುಗಾವಲು ಮತ್ತು ಮೇವಿನ ಬೆಳೆಯ ಥೀಸಿಸ್‌ನಿಂದ ಪ್ರಕಟಣೆಗೆ ಪೇಪರ್ ಸಿದ್ಧಪಡಿಸುವುದು ಹೇಗೆ?

ನೀವು ಕೇಳಿದ್ದು ಇದು: ಪುಣೆಯಲ್ಲಿ ಎಂ.ಎಸ್ಸಿ. ಮುಗಿಸಿದ್ದೀರಿ. ಸಾಸವಡ ಹತ್ತಿರದ ಗಾಯರಾಣದಲ್ಲಿ (ಊರಿನ ದನ ಮೇಯುವ ಗೋಮಾಳ) ಬೇಲಿ ಹಾಕಿ ಮೇಯಿಸದೆ ಬಿಟ್ಟ ಒಂದು ತುಂಡು, ಪಕ್ಕದಲ್ಲೇ ಮೇಯಿಸುವ ಒಂದು ತುಂಡು, ಎರಡರಲ್ಲೂ ಅಳತೆಗೆ 20–20 ಚೌಕಟ್ಟು (ಕ್ವಾಡ್ರಾಟ್) ಹಾಕಿ ಎರಡು ಮಳೆಗಾಲ ಹುಲ್ಲು ಕೊಯ್ದಿದ್ದೀರಿ. ಅದರ ಜೊತೆಗೆ ಹೈಬ್ರಿಡ್ ನೇಪಿಯರ್ ಎಂಬ ಮೇವಿನ ಹುಲ್ಲಿಗೆ ಐದು ಮಟ್ಟದ ಸಾರಜನಕ ಕೊಟ್ಟು, ನಾಲ್ಕು ಪುನರಾವರ್ತನೆಯಲ್ಲಿ (ರೆಪ್ಲಿಕೇಶನ್) ಪ್ರಯೋಗ ಮಾಡಿದ್ದೀರಿ. ಗೈಡ್ ಪೇಪರ್ ಬರೆಯಲು ಹೇಳಿದ್ದಾರೆ. ಎಲ್ಲಿಂದ ಶುರು ಮಾಡಬೇಕು, ಯಾವ ಪತ್ರಿಕೆಗೆ ಕಳಿಸಬೇಕು?

ಎರಡನ್ನೂ ಒಂದೇ ಪೇಪರಿಗೆ ತುಂಬಬೇಡಿ. ಗಾಯರಾಣದ ಕೆಲಸ ಪರಿಸರ ವಿಜ್ಞಾನದ ಪ್ರಶ್ನೆ, ನೇಪಿಯರ್‌ದು ಬೇಸಾಯದ ಪ್ರಶ್ನೆ. ಓದುವವರೂ ಬೇರೆ, ವಿಮರ್ಶೆ ಮಾಡುವವರೂ ಬೇರೆ. ಎರಡು ಪೇಪರ್ ಮಾಡಿ, ನೇಪಿಯರ್‌ದನ್ನು ಮೊದಲು ಬರೆಯಿರಿ. ಅದರ ವಿನ್ಯಾಸ ಗಟ್ಟಿಯಾಗಿದೆ. ಗಾಯರಾಣದ್ದರಲ್ಲಿ ಒಂದು ದೊಡ್ಡ ತೊಡಕಿದೆ, ಮುಂದೆ ಹೇಳುತ್ತೇನೆ.

ಬರೆಯಲು ಕೂತಾಗ ಪೀಠಿಕೆಯಿಂದ ಶುರು ಮಾಡಬೇಡಿ. ಮೊದಲು ಕೋಷ್ಟಕ ಮತ್ತು ಗ್ರಾಫ್, ಆಮೇಲೆ ವಿಧಾನ, ಫಲಿತಾಂಶ, ಚರ್ಚೆ, ಪೀಠಿಕೆ, ಕೊನೆಗೆ ಸಾರಾಂಶ, ಶೀರ್ಷಿಕೆ. ಮೇವಿನ ವಿಷಯದಲ್ಲಿ ಇದಕ್ಕೆ ಕಾರಣ ಇದೆ. ಭತ್ತದ ಇಳುವರಿ ಅಂದರೆ ಕಾಳು ಬಲಿತ ಮೇಲೆ ಸಿಕ್ಕಿದ್ದು ಎಂದು ಎಲ್ಲರಿಗೂ ಗೊತ್ತು. ಹುಲ್ಲಿಗೆ ಅಂಥ ನಿಗದಿಯಾದ ಗಳಿಗೆ ಇಲ್ಲ. ಎಷ್ಟು ದಿನದ ಬೆಳವಣಿಗೆ, ನೆಲದಿಂದ ಎಷ್ಟು ಎತ್ತರಕ್ಕೆ ಕೊಯ್ದದ್ದು, ಎಷ್ಟು ಶಾಖದಲ್ಲಿ ಒಣಗಿಸಿದ್ದು ಎಂದು ಹೇಳದಿದ್ದರೆ ‘ಪ್ರೋಟೀನ್ 9 ಶೇಕಡಾ’ ಎಂಬ ಸಂಖ್ಯೆಗೆ ಅರ್ಥವೇ ಇಲ್ಲ. 30 ದಿನದ ನೇಪಿಯರ್, 75 ದಿನದ ನೇಪಿಯರ್ ಎರಡೂ ಬೇರೆ ಬೇರೆ ಮೇವು ಇದ್ದ ಹಾಗೆ. ಆದ್ದರಿಂದ ವಿಧಾನದ ಭಾಗದಲ್ಲಿ ನಾಟಿ ಮಾಡಿದ ದಿನ, ಮೊದಲ ಕಟಾವಿನ ದಿನ, ನಡುವಿನ ಅಂತರ, ಕೊಯ್ದ ಎತ್ತರ, ತಳಿಯ ಹೆಸರು, ಸಾಲಿನ ಅಂತರ, ಗೊಬ್ಬರ ಕೊಟ್ಟ ಸಮಯ, ನೀರು ಕೊಟ್ಟ ಕ್ರಮ ಇಷ್ಟೂ ಇರಲೇಬೇಕು. ಪ್ರಯೋಗ ನಡೆದ ವರ್ಷಗಳ ಮಳೆಯನ್ನು ತಿಂಗಳವಾರು ಕೊಡಿ. ಪುಣೆಯ ದೀರ್ಘಕಾಲದ ಸರಾಸರಿಯೊಂದನ್ನೇ ಕೊಟ್ಟರೆ ಸಾಲದು. ಸಾಸವಡಕ್ಕೆ ಪುಣೆ ನಗರದ ಮಳೆ ಹೊಂದುವುದಿಲ್ಲ, ಹತ್ತಿರದ ಮಳೆಮಾಪನ ಕೇಂದ್ರದ ಅಂಕಿ ಹುಡುಕಿ.

ಇಳುವರಿ ಲೆಕ್ಕದಲ್ಲಿ ತಪ್ಪು ಎಲ್ಲಿ ಸೇರಿಕೊಳ್ಳುತ್ತದೆ ನೋಡಿ. ತಾಕಿನ ಅಂಚಿನ ಸಾಲುಗಳಿಗೆ ಬೆಳಕು, ನೀರು ಹೆಚ್ಚು ಸಿಗುತ್ತವೆ, ಅಲ್ಲಿ ಹುಲ್ಲು ಹುಲುಸಾಗಿರುತ್ತದೆ. ಅದಕ್ಕೇ ಅಂಚಿನ ಸಾಲು ಬಿಟ್ಟು ಒಳಗಿನ ನಿವ್ವಳ ತಾಕನ್ನು ತೂಗುವುದು. ಆದರೆ ಒಳಗಿನದನ್ನು ತೂಗಿ ಭಾಗಿಸುವಾಗ ಇಡೀ ತಾಕಿನ ವಿಸ್ತೀರ್ಣ ಹಾಕುವವರು ಬಹಳ. ನಿವ್ವಳ ತಾಕು 10.8 ಚದರ ಮೀಟರ್, ಹಸಿ ತೂಕ 37.8 ಕಿಲೋ ಅಂದರೆ ಚದರ ಮೀಟರಿಗೆ 3.5 ಕಿಲೋ, ಹೆಕ್ಟೇರಿಗೆ 35 ಟನ್. ಒಣ ಪದಾರ್ಥ 18 ಶೇಕಡಾ ಇದ್ದರೆ 6.3 ಟನ್. ಪೇಪರಿನಲ್ಲಿ ಮುಖ್ಯವಾಗಿ ಬರಬೇಕಾದ್ದು ಈ 6.3. ಹಸಿ ಇಳುವರಿ ರೈತರಿಗೆ ಬೇಕು, ಇರಲಿ; ಆದರೆ ಬೆಳಗಿನ ಇಬ್ಬನಿಯಲ್ಲಿ ಕೊಯ್ದರೆ ಒಂದು ಸಂಖ್ಯೆ, ಮಧ್ಯಾಹ್ನ ಕೊಯ್ದರೆ ಇನ್ನೊಂದು. ಬರೀ ಹಸಿ ತೂಕದ ಮೇಲೆ ತೀರ್ಮಾನ ಕಟ್ಟಬೇಡಿ. ಚೌಕಟ್ಟಿನ ಲೆಕ್ಕ ಇನ್ನೂ ಸುಲಭ: ಅರ್ಧ ಮೀಟರ್ ಬದಿಯ ಚೌಕಟ್ಟಾದರೆ, ಒಣ ತೂಕದ ಗ್ರಾಂ ಅನ್ನು 40ರಿಂದ ಗುಣಿಸಿದರೆ ಹೆಕ್ಟೇರಿಗೆ ಕಿಲೋ ಬರುತ್ತದೆ. 62 ಗ್ರಾಂ ಇದ್ದರೆ 2,480 ಕಿಲೋ.

ಒಣಗಿಸುವ ವಿಷಯದಲ್ಲಿ ಸ್ವಲ್ಪ ನಿಲ್ಲಬೇಕು. ವಿಶ್ಲೇಷಣೆಗೆ ಹೋಗುವ ಮಾದರಿಯನ್ನು 60–65 ಡಿಗ್ರಿ ಸೆಲ್ಸಿಯಸ್‌ನಲ್ಲಿ, ತೂಕ ಬದಲಾಗುವುದು ನಿಲ್ಲುವ ತನಕ ಒಣಗಿಸಬೇಕು. ನೇಪಿಯರ್ ಕಾಂಡ ದಪ್ಪ, 2–3 ಸೆಂ.ಮೀ. ತುಂಡು ಮಾಡದೆ ಇಟ್ಟರೆ ಹೊರಗೆ ಒಣಗಿ ಒಳಗೆ ಹಸಿಯಾಗಿಯೇ ಉಳಿಯುತ್ತದೆ. ಬೇಗ ಆಗಲಿ ಎಂದು 105 ಡಿಗ್ರಿಯಲ್ಲಿ ಒಣಗಿಸಿ ಅದನ್ನೇ ನಾರಿನ ಪರೀಕ್ಷೆಗೆ ಕಳಿಸಿದರೆ, ಸಕ್ಕರೆ ಮತ್ತು ಪ್ರೋಟೀನ್ ಶಾಖಕ್ಕೆ ಬೆಸೆದುಕೊಂಡು ಲಿಗ್ನಿನ್ (ಜೀರ್ಣವಾಗದ ಗಟ್ಟಿ ನಾರು) ಜೊತೆ ಲೆಕ್ಕಕ್ಕೆ ಬರುತ್ತವೆ. ಎಡಿಎಫ್ (ಆಮ್ಲೀಯ ಮಾರ್ಜಕದಲ್ಲಿ ಕರಗದೆ ಉಳಿಯುವ ನಾರು) ಏರುತ್ತದೆ, ಜೀರ್ಣತೆ ಇಳಿಯುತ್ತದೆ, ತಪ್ಪು ಹುಲ್ಲಿನದು ಎಂದು ಕಾಣುತ್ತದೆ. ಇನ್ನೊಂದು ಕಡೆ, 60 ಡಿಗ್ರಿಯಲ್ಲಿ ಒಣಗಿದ ಪುಡಿಯಲ್ಲಿ ಸ್ವಲ್ಪ ತೇವ ಉಳಿದೇ ಇರುತ್ತದೆ. ಅದರಲ್ಲಿ ಒಂದು ಚಿಕ್ಕ ಪಾಲನ್ನು ಮಾತ್ರ 105 ಡಿಗ್ರಿಯಲ್ಲಿಟ್ಟು ಆ ತೇವ ಅಳೆದು, ಎಲ್ಲ ಸಂಖ್ಯೆಗಳನ್ನೂ ಪೂರ್ಣ ಒಣ ಪದಾರ್ಥದ ಆಧಾರಕ್ಕೆ ತನ್ನಿ. ಪುಡಿಯಲ್ಲಿ 6 ಶೇಕಡಾ ತೇವ ಇದ್ದು ಪ್ರೋಟೀನ್ 8.0 ಬಂದಿದ್ದರೆ, ಸರಿಯಾದ ಸಂಖ್ಯೆ 8.0 ಭಾಗಿಸು 0.94, ಅಂದರೆ 8.5. ಪುಡಿ ಮಾಡಿದ ಜರಡಿಯ ಅಳತೆಯನ್ನೂ ಬರೆಯಿರಿ. ಸಾಮಾನ್ಯವಾಗಿ 1 ಮಿ.ಮೀ.

ನಾರಿಗೆ ವಾನ್ ಸೋಯೆಸ್ಟ್ ಮತ್ತಿತರರ 1991ರ ವಿಧಾನ ಎಂದಷ್ಟೇ ಬರೆದರೆ ಒಳ್ಳೆಯ ಪತ್ರಿಕೆಗಳು ಒಪ್ಪುವುದಿಲ್ಲ. ಎನ್‌ಡಿಎಫ್ (ತಟಸ್ಥ ಮಾರ್ಜಕದಲ್ಲಿ ಕರಗದೆ ಉಳಿಯುವ ಒಟ್ಟು ನಾರು) ಮಾಡುವಾಗ ಪಿಷ್ಟ ಕರಗಿಸುವ ಕಿಣ್ವ ಅಮೈಲೇಸ್ ಹಾಕಿದ್ದೀರಾ, ಸೋಡಿಯಂ ಸಲ್ಫೈಟ್ ಹಾಕಿದ್ದೀರಾ, ಉಳಿದ ಬೂದಿಯನ್ನು ಕಳೆದಿದ್ದೀರಾ ಎಂಬ ಮೂರನ್ನೂ ಕೇಳುತ್ತಾರೆ. ಪ್ರಯೋಗಾಲಯದವರು ಕೊಟ್ಟ ಹಾಳೆಯಲ್ಲಿ ಇದು ಇರುವುದು ಅಪರೂಪ, ಈಗಲೇ ಹೋಗಿ ಕೇಳಿಕೊಳ್ಳಿ.

ಕೋಷ್ಟಕ ಮುಗಿಸುವ ಮುಂಚೆ ಒಂದು ತಾಳೆ ನೋಡಿ. ಪ್ರತಿ ಮಾದರಿಗೂ ಕಚ್ಚಾ ಪ್ರೋಟೀನ್, ಎನ್‌ಡಿಎಫ್, ಬೂದಿ, ಕೊಬ್ಬು ಕೂಡಿಸಿ. 9, 72, 11, 2 ಇದ್ದರೆ 94, ಸರಿಯಿದೆ. 104 ಬಂದರೆ ಎಲ್ಲೋ ಆಧಾರ ಬೇರೆ ಬೇರೆಯಾಗಿದೆ, ಇಲ್ಲವೇ ಎನ್‌ಡಿಎಫ್‌ನೊಳಗಿನ ಬೂದಿ, ಪ್ರೋಟೀನ್ ಎರಡೆರಡು ಸಲ ಲೆಕ್ಕಕ್ಕೆ ಬಂದಿವೆ. ಎನ್‌ಡಿಎಫ್‌ಗಿಂತ ಎಡಿಎಫ್ ಕಡಿಮೆ, ಅದಕ್ಕಿಂತ ಲಿಗ್ನಿನ್ ಕಡಿಮೆ ಇರಬೇಕು. ಗಾಯರಾಣದ ಮಾದರಿಯಲ್ಲಿ ಒಂದೆರಡಕ್ಕೆ ಮಾತ್ರ ಬೂದಿ ಇದ್ದಕ್ಕಿದ್ದಂತೆ ಏರಿದ್ದರೆ ಅದು ಹುಲ್ಲಿನ ಖನಿಜ ಅಂದುಕೊಳ್ಳಬೇಡಿ. ಮಳೆ ಹನಿಗೆ ಚಿಮ್ಮಿದ ಮಣ್ಣು ಬುಡಕ್ಕೆ ಅಂಟಿರುತ್ತದೆ. ಸಮೀಕರಣದಿಂದ ಬಂದ ಸಂಖ್ಯೆಗಳನ್ನು ಅಳೆದದ್ದರ ಜೊತೆ ಬೆರೆಸಬಾರದು. 88.9ರಿಂದ ಎಡಿಎಫ್‌ನ 0.779 ಪಟ್ಟು ಕಳೆದು ಜೀರ್ಣತೆ ಹೇಳುವ ಸೂತ್ರವನ್ನು ನಮ್ಮಲ್ಲಿ ಎಲ್ಲ ಹುಲ್ಲಿಗೂ ಹಚ್ಚುತ್ತಾರೆ. ಅದು ಕುದುರೆ ಮೆಂತೆಯಂಥ (ಲೂಸರ್ನ್) ಸಮಶೀತೋಷ್ಣ ಮೇವನ್ನು ಕಣ್ಣಮುಂದೆ ಇಟ್ಟುಕೊಂಡು ಬಂದದ್ದು. ಎಡಿಎಫ್ ಕೋಷ್ಟಕದಲ್ಲಿ ಇದ್ದ ಮೇಲೆ ಅದರಿಂದಲೇ ಹುಟ್ಟಿದ ಇನ್ನೊಂದು ಕಂಬಸಾಲು ಹೊಸ ಮಾಹಿತಿ ಏನನ್ನೂ ಕೊಡುವುದಿಲ್ಲ, ಬಿಟ್ಟುಬಿಡಿ.

ಈಗ ಸಂಖ್ಯಾಶಾಸ್ತ್ರ. ನೇಪಿಯರ್‌ಗೆ ಐದು ಮಟ್ಟ, ನಾಲ್ಕು ಪುನರಾವರ್ತನೆ ಅಂದರೆ ಬ್ಲಾಕ್ ವಿನ್ಯಾಸದಲ್ಲಿ ದೋಷದ ಸ್ವಾತಂತ್ರ್ಯಾಂಕ (ಡಿಗ್ರೀಸ್ ಆಫ್ ಫ್ರೀಡಮ್) 12, ಸಾಕು. ಆದರೆ ಒಂದೇ ತಾಕಿನಿಂದ ಮತ್ತೆ ಮತ್ತೆ ಕೊಯ್ದ ಕಟಾವುಗಳು ಪರಸ್ಪರ ಸ್ವತಂತ್ರ ಅಲ್ಲ. ಆರು ಕಟಾವನ್ನು ಆರು ಪುನರಾವರ್ತನೆಯಂತೆ ಹಾಕಿದರೆ ವಿಶ್ಲೇಷಣೆ ತಪ್ಪು. ವರ್ಷದ ಒಟ್ಟು ಇಳುವರಿಗೆ ಒಂದು ವಿಶ್ಲೇಷಣೆ, ಕಟಾವುವಾರು ಬದಲಾವಣೆಗೆ ತಾಕನ್ನು ಯಾದೃಚ್ಛಿಕ ಅಂಶವಾಗಿಟ್ಟ ಮಿಶ್ರ ಮಾದರಿ (ಮಿಕ್ಸ್ಡ್ ಮಾಡೆಲ್) ಬಳಸಿ. ಇನ್ನೊಂದು ಮಾತು: ಸಾರಜನಕದ ಮಟ್ಟಗಳು ಏರುವ ಪ್ರಮಾಣಗಳು. ಅವಕ್ಕೆ ಎ, ಬಿ, ಸಿ ಅಕ್ಷರ ಹಚ್ಚಿ ಹೋಲಿಸುವ ಬದಲು ರೇಖೆ ಅಥವಾ ವಕ್ರರೇಖೆ ಹೊಂದಿಸಿ, ಇಳುವರಿಯ ಏರಿಕೆ ಎಲ್ಲಿ ತಗ್ಗುತ್ತದೆ ಎಂದು ತೋರಿಸಿ. ರೈತನಿಗೆ ಬೇಕಾದ ಉತ್ತರವೂ ಅದೇ. ನಮ್ಮ ಕೃಷಿ ವಿಶ್ವವಿದ್ಯಾಲಯಗಳ ಥೀಸಿಸ್‌ನಲ್ಲಿ ಸಿ.ಡಿ. (ಕ್ರಿಟಿಕಲ್ ಡಿಫರೆನ್ಸ್) ಕೊಡುವುದು ರೂಢಿ, ಹೊರಗಿನ ಪತ್ರಿಕೆಗೆ ಪ್ರಮಾಣಿತ ದೋಷ (ಸ್ಟ್ಯಾಂಡರ್ಡ್ ಎರರ್) ಮತ್ತು ನಿಖರ ಪಿ ಮೌಲ್ಯವೂ ಬೇಕು. 8.3742 ಎಂದು ಬರೆಯಬೇಡಿ, 8.4 ಸಾಕು.

ಗಾಯರಾಣದ ತೊಡಕು ಇಲ್ಲಿದೆ. ಒಂದೇ ಬೇಲಿಯೊಳಗೆ 20 ಚೌಕಟ್ಟು ಹಾಕಿದರೂ ಬೇಲಿ ಒಂದೇ, ಹಾಗಾಗಿ ಪುನರಾವರ್ತನೆಯೂ ಒಂದೇ. ಒಳಗೂ ಹೊರಗೂ ಕಂಡ ವ್ಯತ್ಯಾಸ ಮೇಯಿಸದ್ದರಿಂದ ಬಂತೋ, ಆ ತುಂಡಿನಲ್ಲಿ ಮಣ್ಣೇ ಆಳವಾಗಿತ್ತೋ ಹೇಳಲಾಗುವುದಿಲ್ಲ. ಹರ್ಲ್‌ಬರ್ಟ್ 1984ರಲ್ಲಿ ಈ ಹುಸಿ ಪುನರಾವರ್ತನೆಯ ಬಗ್ಗೆ ಬರೆದ ಮೇಲೆ ವಿಮರ್ಶಕರು ಇದನ್ನು ಮೊದಲು ಹುಡುಕುತ್ತಾರೆ. ಅಕ್ಕಪಕ್ಕದ ಇನ್ನೂ ಮೂರ್ನಾಲ್ಕು ಹಳ್ಳಿಗಳಲ್ಲಿ ಬೇಲಿಯೊಳಗಿನ, ಹೊರಗಿನ ಜೋಡಿ ಸಿಕ್ಕರೆ ಒಂದು ಮಳೆಗಾಲ ಅಲ್ಲೂ ಕೊಯ್ದು, ಹಳ್ಳಿಯನ್ನೇ ಪುನರಾವರ್ತನೆ ಮಾಡಿ; ಪ್ರತಿ ತುಂಡಿನ ಚೌಕಟ್ಟುಗಳ ಸರಾಸರಿ ಒಂದೇ ಅಂಕಿ ಆಗುತ್ತದೆ. ಅದು ಆಗದಿದ್ದರೆ ಒಂದು ಸ್ಥಳದ ವಿವರಣೆ ಎಂದೇ ಬರೆಯಿರಿ: ಸರಾಸರಿ, ಹರವು, ಎರಡೂ ತುಂಡಿನ ಮಣ್ಣಿನ ಆಳ, ಇಳಿಜಾರು ಕೊಡಿ, ಮೇಯಿಸುವಿಕೆಯ ಪರಿಣಾಮಕ್ಕೆ ಪಿ ಮೌಲ್ಯ ಕೊಡಬೇಡಿ. ಪ್ರಾಮಾಣಿಕವಾಗಿ ಬರೆದ ಅಂಥ ಪೇಪರಿಗೂ ಜಾಗ ಇದೆ.

ಪದಗಳಲ್ಲೂ ಎಚ್ಚರ ಬೇಕು. ಸೆಪ್ಟೆಂಬರ್ ಕೊನೆಯಲ್ಲಿ ಒಮ್ಮೆ ಕೊಯ್ದು ತೂಗಿದ್ದು ಆ ದಿನ ನಿಂತಿದ್ದ ಹುಲ್ಲಿನ ರಾಶಿ. ಅದನ್ನು ‘ಉತ್ಪಾದಕತೆ’ ಎಂದರೆ ತಪ್ಪು. ಉತ್ಪಾದಕತೆಗೆ ಎರಡು ದಿನಾಂಕಗಳ ನಡುವೆ ಎಷ್ಟು ಬೆಳೆಯಿತು ಎಂಬ ಲೆಕ್ಕ ಬೇಕು. ಮೇಯಿಸುವ ತುಂಡಿನಲ್ಲಂತೂ ದನ ತಿಂದು ಉಳಿದದ್ದನ್ನು ನೀವು ಅಳೆದಿದ್ದೀರಿ, ಬೆಳೆದದ್ದನ್ನಲ್ಲ. ಮೇಯಿಸುವ ಒತ್ತಡಕ್ಕೆ ಪ್ರಾಣಿ ಘಟಕ ಹೇಳುವಾಗ ತೂಕವನ್ನೂ ಹೇಳಿ: ಉಷ್ಣವಲಯದ ಜಾನುವಾರು ಘಟಕ 250 ಕಿಲೋ, ಅಮೆರಿಕದ ಘಟಕ ಸುಮಾರು 454 ಕಿಲೋ. ಈ ಪದಗಳಿಗೆ ಆಲೆನ್ ಮತ್ತಿತರರು 2011ರಲ್ಲಿ ಪ್ರಕಟಿಸಿದ ಅಂತರರಾಷ್ಟ್ರೀಯ ಪರಿಭಾಷೆ ಇದೆ, ಅದನ್ನೇ ಅನುಸರಿಸಿ.

ಹುಲ್ಲಿನ ಹೆಸರು. ಹಳ್ಳಿಯವರು ಮರಾಠಿಯಲ್ಲಿ ಪವನಾ, ಕುಸಳಿ, ಮಾರ್ವೇಲ್ ಎಂದು ಹೇಳಿದ್ದನ್ನು ನೇರ ಲ್ಯಾಟಿನ್ ಹೆಸರಿಗೆ ಬದಲಾಯಿಸಬೇಡಿ. ಒಂದೇ ಹೆಸರಿನಲ್ಲಿ ಎರಡು ಜಾತಿ ಇರುವುದುಂಟು. ಹೂ ತೆನೆ ಇರುವ ಮಾದರಿ ಒತ್ತಿ ಒಣಗಿಸಿ, ಪುಣೆಯಲ್ಲೇ ಇರುವ ಭಾರತೀಯ ಸಸ್ಯ ಸರ್ವೇಕ್ಷಣೆಯ ಪಶ್ಚಿಮ ವಲಯ ಕೇಂದ್ರದಲ್ಲಾಗಲಿ ಅಗರ್ಕರ್ ಸಂಶೋಧನಾ ಸಂಸ್ಥೆಯಲ್ಲಾಗಲಿ ಗುರುತು ಖಚಿತಪಡಿಸಿಕೊಳ್ಳಿ, ಸಸ್ಯಾಗಾರದ ಸಂಖ್ಯೆಯನ್ನು ಪೇಪರಿನಲ್ಲಿ ಕೊಡಿ. ಹೆಸರುಗಳು ಬದಲಾಗಿವೆ: ಪೆನ್ನಿಸೆಟಮ್ ಪರ್ಪ್ಯೂರಿಯಮ್ ಈಗ ಸೆಂಕ್ರಸ್ ಪರ್ಪ್ಯೂರಿಯಸ್, ಗಿನಿ ಹುಲ್ಲು ಪ್ಯಾನಿಕಮ್‌ನಿಂದ ಮೆಗಾಥಿರ್ಸಸ್ ಆಗಿದೆ. ಲಂಡನ್ನಿನ ಕ್ಯೂ ಸಸ್ಯೋದ್ಯಾನದ ಆನ್‌ಲೈನ್ ಪಟ್ಟಿಯಲ್ಲಿ ನೋಡಿ, ಹಳೆಯ ಹೆಸರನ್ನೂ ಒಮ್ಮೆ ಕೊಡಿ. ಹಳೆಯ ಪೇಪರ್ ಹುಡುಕುವಾಗಲೂ ಎರಡೂ ಹೆಸರು ಹಾಕಬೇಕು, ಇಲ್ಲದಿದ್ದರೆ ಅರ್ಧ ಸಾಹಿತ್ಯ ಕಣ್ಣಿಗೇ ಬೀಳುವುದಿಲ್ಲ.

ಪೀಠಿಕೆ ಮೂರು ಪ್ಯಾರಾ ಮೀರದಿರಲಿ. ‘ಭಾರತದಲ್ಲಿ ಮೇವಿನ ಕೊರತೆ ಇದೆ’ ಎಂಬ ವಾಕ್ಯದಿಂದ ಶುರುವಾಗದ ಪೀಠಿಕೆ ನಮ್ಮಲ್ಲಿ ಅಪರೂಪ. ನಿಮ್ಮದು ನಿಮ್ಮ ಪ್ರಶ್ನೆಯಿಂದಲೇ ಶುರುವಾಗಲಿ. ಗಾಯರಾಣದ ಪೇಪರಿನಲ್ಲಿ ಆ ನೆಲವನ್ನು ‘ಪಾಳುಭೂಮಿ’ ಎಂದು ಕರೆಯಬೇಡಿ ಎಂದು ಕಳಕಳಿಯಿಂದ ಕೇಳುತ್ತೇನೆ. ದಬಡಘಾವ್ ಮತ್ತು ಶಂಕರನಾರಾಯಣ 1973ರ ವರ್ಗೀಕರಣದಲ್ಲಿ ಅಲ್ಲಿನ ಎರಡು ಹುಲ್ಲುಗಳ ಮೇಲೆ ಸೆಹಿಮಾ–ಡೈಕ್ಯಾಂಥಿಯಮ್ ಎಂದು ಹೆಸರಿಸಿದ ಹುಲ್ಲುಗಾವಲು ಇದು. ಪಾಳು ಎಂದು ನಾವೇ ಬರೆದುಕೊಟ್ಟರೆ, ಅಲ್ಲಿ ಗುಂಡಿ ತೋಡಿ ಮರ ನೆಡುವುದಕ್ಕೆ ನಮ್ಮ ಪೇಪರೇ ಆಧಾರವಾಗುತ್ತದೆ.

ಪತ್ರಿಕೆಗೆ ಬಂದರೆ, ನೇಪಿಯರ್ ಪೇಪರಿಗೆ ಹಿಸಾರ್‌ನಿಂದ ಬರುವ ‘ಫೋರೇಜ್ ರಿಸರ್ಚ್’, ಗಾಯರಾಣದ್ದಕ್ಕೆ ಝಾನ್ಸಿಯ ‘ರೇಂಜ್ ಮ್ಯಾನೇಜ್‌ಮೆಂಟ್ ಆ್ಯಂಡ್ ಆಗ್ರೋಫಾರೆಸ್ಟ್ರಿ’ ಹೊಂದುತ್ತವೆ. ‘ಗ್ರಾಸ್ ಆ್ಯಂಡ್ ಫೋರೇಜ್ ಸೈನ್ಸ್’ಗೆ ಒಂದೇ ಸ್ಥಳದ ಗೊಬ್ಬರ ಪ್ರಯೋಗ ಕಳಿಸಿದರೆ ಹಿಂದಿರುಗುವ ಸಾಧ್ಯತೆಯೇ ಹೆಚ್ಚು. ಯುಜಿಸಿ ಮಾನ್ಯ ಪತ್ರಿಕೆಗಳ ತನ್ನ ಕೇರ್ ಪಟ್ಟಿಯನ್ನು 2025ರಲ್ಲಿ ಕೈಬಿಟ್ಟಿದೆ. ಕೃಷಿಯವರು ರಾಷ್ಟ್ರೀಯ ಕೃಷಿ ವಿಜ್ಞಾನ ಅಕಾಡೆಮಿ ಪತ್ರಿಕೆಗಳಿಗೆ ಕೊಡುವ ನಾಸ್ ಅಂಕ ನೋಡುವುದು ರೂಢಿ. ಒಂದೇ ವಾರದಲ್ಲಿ ಸ್ವೀಕೃತಿ ಕೊಟ್ಟು ಹಣ ಕೇಳುವ ಕಡೆ ಎರಡು ಮಳೆಗಾಲದ ಕೆಲಸ ಒಪ್ಪಿಸಬೇಡಿ.

ಥೀಸಿಸ್ ಕೃಷಿಕೋಶದಲ್ಲಿ (ಕೃಷಿ ಥೀಸಿಸ್‌ಗಳ ಆನ್‌ಲೈನ್ ಭಂಡಾರ) ಏರಿದ್ದರೆ ನಿಮ್ಮದೇ ವಾಕ್ಯಗಳು ನಕಲು ಎಂದು ತಂತ್ರಾಂಶದಲ್ಲಿ ಸಿಕ್ಕಿಬೀಳುತ್ತವೆ. ಸಂಪಾದಕರಿಗೆ ಬರೆಯುವ ಪತ್ರದಲ್ಲೇ ಇದು ಥೀಸಿಸ್‌ನಿಂದ ಬಂದದ್ದು ಎಂದು ತಿಳಿಸಿ, ವಾಕ್ಯಗಳನ್ನು ಹೊಸದಾಗಿ ಬರೆಯಿರಿ. ಲೇಖಕರ ಕ್ರಮವನ್ನು ಗೈಡ್ ಜೊತೆ ಕಳಿಸುವ ಮುಂಚೆಯೇ ಮಾತಾಡಿ ಮುಗಿಸಿ.

ವಿಮರ್ಶೆ ಬಂದಾಗ ಪ್ರತಿ ಟಿಪ್ಪಣಿಯನ್ನೂ ನಕಲಿಸಿ, ಅದರ ಕೆಳಗೇ ಉತ್ತರ ಮತ್ತು ಬದಲಾಯಿಸಿದ ಸಾಲಿನ ಸಂಖ್ಯೆ ಬರೆಯಿರಿ. ಒಪ್ಪದಿದ್ದರೆ ಅಂಕಿ ಕೊಟ್ಟು ಹೇಳಿ. ಮತ್ತೆ, ಪುಡಿ ಮಾಡಿದ ಮಾದರಿಗಳು ಡಬ್ಬಿಯಲ್ಲಿದ್ದರೆ ಪೇಪರ್ ಅಚ್ಚಾಗುವ ತನಕ ಎಸೆಯಬೇಡಿ. ಗಾಳಿಯಾಡದ ಡಬ್ಬಿ, ಒಳಗೊಂದು ಹೊರಗೊಂದು ಚೀಟಿ, ಪೆನ್ಸಿಲ್‌ನಲ್ಲಿ ತಾಕಿನ ಸಂಖ್ಯೆ ಮತ್ತು ಕೊಯ್ದ ದಿನ. ಎನ್‌ಡಿಎಫ್‌ನ ಬೂದಿ ಕಳೆದು ಮತ್ತೆ ಕೊಡಿ ಎಂದು ಆರು ತಿಂಗಳ ನಂತರ ಕೇಳಿದರೆ, 20 ಗ್ರಾಂ ಪುಡಿ ಇದ್ದರೆ ಸಾಕು.