ದೊಡ್ಡ ತಂಡದ ಅನಲಿಸ್ಟ್ ಹುದ್ದೆಯೋ, ಸಣ್ಣ ಕಾಲೇಜಿನ ಸಹಾಯಕ ಕೋಚ್ ಹುದ್ದೆಯೋ?

ಅಮೆರಿಕದ ದೊಡ್ಡ ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡದಲ್ಲಿ ಅನಲಿಸ್ಟ್ (ಆಟದ ವಿಡಿಯೊ ನೋಡಿ ಕೋಚ್‌ಗಳಿಗೆ ವರದಿ ಬರೆದುಕೊಡುವವನು) ಕೆಲಸ ಒಂದು ಕಡೆ, ಯಾರೂ ಹೆಸರು ಕೇಳಿರದ ಕಾಲೇಜಿನಲ್ಲಿ ಸಹಾಯಕ ಕೋಚ್ ಕೆಲಸ ಇನ್ನೊಂದು ಕಡೆ ಇರುವಾಗ, ಬೇಗ ಹೆಡ್ ಕೋಚ್ ಆಗಲು ಯಾವುದನ್ನು ಒಪ್ಪಿಕೊಳ್ಳಬೇಕು ಎಂದು ಕೇಳಿದ್ದೀರಿ. ಇಂಥವೇ ಎರಡು ಅವಕಾಶಗಳು ಒಂದೇ ಚಳಿಗಾಲದಲ್ಲಿ ನನಗೂ ಬಂದಿದ್ದವು, ಮತ್ತು ನಾನು ದೊಡ್ಡ ಹೆಸರನ್ನು ಆರಿಸಿಕೊಂಡೆ.

ನಾನು ಮೈಸೂರಿನಿಂದ ಎಂ.ಎಸ್. ಓದಲು ಬಂದವನು. ಅಂಡಾಕಾರದ ಚೆಂಡಿನ ಈ ಫುಟ್‌ಬಾಲ್ ಆಟವನ್ನು ಅಲ್ಲಿಯವರೆಗೆ ನೋಡಿಯೂ ಇರಲಿಲ್ಲ. ಕೈಖರ್ಚಿಗೆಂದು ಹುಡುಕಿದ ಕ್ಯಾಂಪಸ್ ಕೆಲಸ ತಂಡದ ವಿಡಿಯೊ ವಿಭಾಗದಲ್ಲಿ ಸಿಕ್ಕಿತು. ಅಭ್ಯಾಸವನ್ನು ಎತ್ತರದ ಅಟ್ಟಣಿಗೆಯಿಂದ ಚಿತ್ರೀಕರಿಸಿ, ರಾತ್ರಿ ಕುಳಿತು ಪ್ರತಿಯೊಂದು ಪ್ಲೇಯನ್ನೂ, ಅಂದರೆ ಚೆಂಡು ಆಟಕ್ಕೆ ಬಂದು ಮತ್ತೆ ನಿಲ್ಲುವವರೆಗಿನ ಒಂದೊಂದು ತುಣುಕನ್ನೂ, ಕತ್ತರಿಸಿ ವಿಂಗಡಿಸುವುದು ನನ್ನ ಪಾಲಿನ ಕೆಲಸವಾಗಿತ್ತು. ಆಟದ ಒಳಗು ಅರ್ಥವಾಗತೊಡಗಿದ ಮೇಲೆ ಬಿಟ್ಟು ಹೋಗಲು ಮನಸ್ಸಾಗದೆ ಇನ್ನೊಂದು ಸ್ನಾತಕೋತ್ತರ ಪದವಿಗೆ ಸೇರಿ, ಎದುರಾಳಿಯನ್ನು ತಡೆಯುವ ಡಿಫೆನ್ಸ್ ವಿಭಾಗದಲ್ಲಿ ಗ್ರ್ಯಾಜುಯೇಟ್ ಅಸಿಸ್ಟೆಂಟ್, ಅಂದರೆ ಓದುತ್ತಲೇ ಕೋಚಿಂಗ್‌ಗೆ ನೆರವಾಗುವ ವಿದ್ಯಾರ್ಥಿ, ಆದೆ. ಮುಂದಿನ ಎದುರಾಳಿಯ ಪ್ಲೇಗಳನ್ನು ದಪ್ಪ ಮಾರ್ಕರ್‌ನಿಂದ ಕಾರ್ಡುಗಳ ಮೇಲೆ ಬರೆದು, ಅಭ್ಯಾಸದಲ್ಲಿ ಆ ಎದುರಾಳಿಯಂತೆ ಆಡಬೇಕಾದ ಸ್ಕೌಟ್ ತಂಡದ ಹುಡುಗರಿಗೆ ಒಂದೊಂದಾಗಿ ಎತ್ತಿ ತೋರಿಸುವುದರಿಂದ ನನ್ನ ಕೋಚಿಂಗ್ ಆರಂಭವಾಯಿತು.

ಅಲ್ಲಿ ಲೈನ್‌ಬ್ಯಾಕರ್‌ಗಳಿಗೆ, ಅಂದರೆ ಡಿಫೆನ್ಸ್‌ನ ಮುಂದಿನ ಸಾಲಿನ ಬೆನ್ನಿಗೇ ನಿಲ್ಲುವ ಆಟಗಾರರಿಗೆ, ಕಲಿಸುತ್ತಿದ್ದವರು ಸಹಾಯಕ ಕೋಚ್ ಆಗಿಯೇ ತಲೆ ನರೆತ ಒಬ್ಬ ಹಿರಿಯರು. ಎದುರಾಳಿಯ ಮುಂದಿನ ಸಾಲಿನ ಲೈನ್‌ಮನ್ ನೆಲಕ್ಕೆ ಕೈಯೂರಿ ಕುಳಿತಾಗ ಅವನ ಮುಖವನ್ನು ನೋಡಬೇಡಿ, ಬೆರಳುಗಳನ್ನು ನೋಡಿ ಎಂದು ಅವರು ಹುಡುಗರಿಗೆ ಹೇಳಿಕೊಡುತ್ತಿದ್ದರು. ಭಾರವೆಲ್ಲ ಮುಂದಕ್ಕೆ ಬಿದ್ದು ಬೆರಳು ಬಿಳಿಚಿಕೊಂಡಿದ್ದರೆ ಅವನು ಮುಂದಕ್ಕೆ ನುಗ್ಗಲಿದ್ದಾನೆ, ಅಂದರೆ ಚೆಂಡು ಹಿಡಿದು ಓಡುವ ಪ್ಲೇ ಬರುವ ಸಂಭವ ಹೆಚ್ಚು. ಕೈ ಹಗುರವಾಗಿ ನೆಲ ಮುಟ್ಟಿದ್ದರೆ ಅವನು ಹಿಂದೆ ಸರಿದು, ಚೆಂಡನ್ನು ಎಸೆಯುವ ಪಾಸ್‌ಗೆ ರಕ್ಷಣೆ ಕೊಡಲು ಸಿದ್ಧನಾಗಿದ್ದಾನೆ. ಇದನ್ನು ವಿಡಿಯೊದಲ್ಲಿ ನಾನು ಎಷ್ಟೋ ಸಲ ನೋಡಿದ್ದೆ. ಆದರೆ ಹತ್ತೊಂಬತ್ತು ವರ್ಷದ ಹುಡುಗನೊಬ್ಬ ಕೂಗಾಟದ ನಡುವೆ, ಒಂದೆರಡು ಕ್ಷಣದಲ್ಲಿ, ಅದನ್ನು ತಾನಾಗಿಯೇ ಗುರುತಿಸುವಂತೆ ಮಾಡುವುದು ಬೇರೆಯದೇ ವಿದ್ಯೆ.

ಆ ವಿದ್ಯೆಯನ್ನು ಅಭ್ಯಾಸ ಮಾಡುವ ಅವಕಾಶವನ್ನೇ ನಾನು ಕೈಬಿಟ್ಟೆ. ಸಣ್ಣ ಕಾಲೇಜು ನನಗೆ ಡಿಫೆನ್ಸಿವ್ ಬ್ಯಾಕ್‌ಗಳ, ಅಂದರೆ ಹಿಂದೆ ನಿಂತು ಪಾಸ್ ತಡೆಯುವ ಆಟಗಾರರ, ಪೂರ್ತಿ ಹೊಣೆ ಕೊಡಲು ಸಿದ್ಧವಿತ್ತು. ಸಂಬಳ ಕಡಿಮೆ, ಪಂದ್ಯದ ದಿನ ಸಾಮಾನು ಸಾಗಿಸುವುದರಲ್ಲೂ ಕೈಜೋಡಿಸಬೇಕು. ದೊಡ್ಡ ತಂಡದಲ್ಲಿ ಅನಲಿಸ್ಟ್ ಆಗಿ ಮುಂದುವರಿದರೆ ಟಿವಿಯಲ್ಲಿ ಬರುವ ಪಂದ್ಯಗಳು, ತುಂಬಿದ ಕ್ರೀಡಾಂಗಣ, ಊರಿನಲ್ಲಿ ಹೇಳಿಕೊಳ್ಳಬಹುದಾದ ಹೆಸರು. ಈ ತಪ್ಪಿನ ಪೂರ್ತಿ ಬೆಲೆ ತಿಳಿಯಬೇಕಾದರೆ ಅಂದಿನ ನಿಯಮವನ್ನು ತಿಳಿಯಬೇಕು. ಕಾಲೇಜು ಕ್ರೀಡೆಗಳನ್ನು ನಿಯಂತ್ರಿಸುವ ಎನ್‌ಸಿಎಎ, ಅತ್ಯುನ್ನತ ಮಟ್ಟದ ತಂಡಗಳಿಗೆ ಒಂಬತ್ತೇ ಸಹಾಯಕ ಕೋಚ್‌ಗಳನ್ನು ಒಪ್ಪುತ್ತಿತ್ತು. ಹತ್ತನೆಯವರಿಗೆ ಅವಕಾಶವಾದದ್ದು 2018ರ ಜನವರಿಯಲ್ಲಿ. ಅನಲಿಸ್ಟ್ ಈ ಲೆಕ್ಕದ ಹೊರಗಿನವನಾದ್ದರಿಂದ ಆಟಗಾರರಿಗೆ ಆಟದ ತಂತ್ರವನ್ನು ಕಲಿಸುವಂತಿರಲಿಲ್ಲ. ವಿದ್ಯಾರ್ಥಿಯಾಗಿ ಗ್ರ್ಯಾಜುಯೇಟ್ ಅಸಿಸ್ಟೆಂಟ್ ಆಗಿದ್ದಾಗ ನನಗಿದ್ದ ಅನುಮತಿ, ಪೂರ್ಣ ಪ್ರಮಾಣದ ನೌಕರನಾದ ಮೇಲೆ ಇಲ್ಲದಂತಾಯಿತು. ಪಾಸ್ ಹಿಡಿಯಲು ಓಡುವವನ ಬೆನ್ನು ಹತ್ತುವ ಕಾರ್ನರ್‌ಬ್ಯಾಕ್ ಹುಡುಗನೊಬ್ಬ ಅಗತ್ಯಕ್ಕಿಂತ ಮೊದಲೇ ಸೊಂಟ ತಿರುಗಿಸಿ ಪ್ರತಿ ಸಲವೂ ಮೋಸ ಹೋಗುತ್ತಿದ್ದುದು ಕಣ್ಣಿಗೆ ಕಾಣುತ್ತಿದ್ದರೂ, ಅದನ್ನು ವರದಿಯಲ್ಲಿ ಬರೆದು ಕೊಡಬಹುದಿತ್ತೇ ಹೊರತು ಅವನ ಪಕ್ಕ ನಿಂತು ತಿದ್ದುವಂತಿರಲಿಲ್ಲ.

ಕೆಲವು ಸೀಸನ್‌ಗಳಾದ ಮೇಲೆ ಹೆಡ್ ಕೋಚ್ ಅವರನ್ನು ತೆಗೆದರು. ಹೊಸಬರು ತಮ್ಮವರನ್ನು ಕರೆತರುವುದು ಈ ಲೋಕದ ರೂಢಿ, ಹಾಗಾಗಿ ನಮ್ಮಲ್ಲಿ ಹೆಚ್ಚಿನವರ ಕೆಲಸವೂ ಹೋಯಿತು. ಎಚ್-1ಬಿ ವೀಸಾದವನಿಗೆ ಕೆಲಸ ಹೋದ ಮೇಲೆ ಇನ್ನೊಂದು ಕೆಲಸ ಹುಡುಕಿಕೊಳ್ಳಲು ಸಿಗುವುದು ಹೆಚ್ಚೆಂದರೆ 60 ದಿನ. ಆ ಅವಧಿಯಲ್ಲಿ ನಾನು ಫೋನ್ ಮಾಡಿದ ಕೋಚ್‌ಗಳೆಲ್ಲ ಒಂದೇ ಪ್ರಶ್ನೆ ಕೇಳಿದರು: ನೀನು ಯಾವ ಹುಡುಗರನ್ನು ತಯಾರು ಮಾಡಿದ್ದೀಯ? ನನ್ನ ಬಳಿ ವರದಿಗಳಿದ್ದವು, ಹೇಳಲು ಒಬ್ಬ ಹುಡುಗನ ಹೆಸರೂ ಇರಲಿಲ್ಲ. ಹಿಂದೆ ನಾನು ಬೇಡವೆಂದಿದ್ದ ಕೆಲಸಕ್ಕಿಂತಲೂ ಕಡಿಮೆ ಸಂಬಳದ ಕೆಲಸವೊಂದು, ಕ್ರೀಡಾ ಸ್ಕಾಲರ್‌ಶಿಪ್ ಇಲ್ಲದ ಮೂರನೇ ಡಿವಿಜನ್ ಕಾಲೇಜಿನಲ್ಲಿ, ಗಡುವು ಮುಗಿಯುವ ಮುನ್ನ ಹೇಗೋ ಸಿಕ್ಕಿತು. ಅಂದಿನಿಂದ ಸಹಾಯಕ ಕೋಚ್ ಆಗಿಯೇ ಇದ್ದೇನೆ, ಈ ಕೆಲಸವನ್ನು ಮನಸಾರೆ ಪ್ರೀತಿಸುತ್ತೇನೆ.

2024ರಲ್ಲಿ ಆ ನಿಯಮ ಸಡಿಲಗೊಂಡಿದೆ, ಈಗ ಅನಲಿಸ್ಟ್ ಕೂಡ ಮೈದಾನದಲ್ಲಿ ಕಲಿಸಬಹುದು ಎಂದು ನೀವು ಹೇಳಬಹುದು. ನಿಜವೇ. ಆದರೂ ಆ ಆಟಗಾರರ ಗುಂಪು ಬೇರೊಬ್ಬರದ್ದೇ ಆಗಿರುತ್ತದೆ. ಅವರು ಸೋತಾಗ ಉತ್ತರ ಹೇಳಬೇಕಾದವರು ನೀವಲ್ಲವಾದ್ದರಿಂದ, ಗೆದ್ದಾಗಲೂ ಯಾರೂ ನಿಮ್ಮನ್ನು ನೆನೆಯುವುದಿಲ್ಲ.

ಇನ್ನು, ಬೇಗ ಹೆಡ್ ಕೋಚ್ ಆಗಬೇಕೆಂಬ ನಿಮ್ಮ ಅಳತೆಗೋಲನ್ನೇ ನಾನು ಒಪ್ಪುವುದಿಲ್ಲ. ಬಡ್ ಫಾಸ್ಟರ್ 1987ರಲ್ಲಿ ಹೆಡ್ ಕೋಚ್ ಫ್ರಾಂಕ್ ಬೀಮರ್ ಜೊತೆಗೆ ವರ್ಜೀನಿಯಾ ಟೆಕ್‌ಗೆ ಬಂದವರು 2019ರ ಸೀಸನ್ ಮುಗಿಯುವವರೆಗೂ ಸಹಾಯಕರಾಗಿಯೇ ಇದ್ದರು. 2015ರ ಸೀಸನ್ ಬಳಿಕ ಬೀಮರ್ ನಿವೃತ್ತರಾದಾಗ, ಹೊಸದಾಗಿ ಬಂದ ಹೆಡ್ ಕೋಚ್ ಜಸ್ಟಿನ್ ಫ್ಯುಯೆಂಟೆ, ಫಾಸ್ಟರ್ ಅವರನ್ನು ಉಳಿಸಿಕೊಂಡರು. ನನ್ನ ಕಥೆಯನ್ನು ಓದಿದ ನಿಮಗೆ ಅದು ಎಷ್ಟು ಅಪರೂಪದ ಮನ್ನಣೆಯೆಂದು ಬಿಡಿಸಿ ಹೇಳಬೇಕಿಲ್ಲ. ಫ್ಲೋರಿಡಾ ಸ್ಟೇಟ್‌ನ ಮಿಕಿ ಆಂಡ್ರೂಸ್ 1984ರಿಂದ 2009ರವರೆಗೆ ಹೆಡ್ ಕೋಚ್ ಬಾಬಿ ಬೌಡನ್ ಅವರ ಡಿಫೆನ್ಸ್ ನಡೆಸಿದರು. ದೇಶದ ಅತ್ಯುತ್ತಮ ಸಹಾಯಕ ಕೋಚ್‌ಗೆ ಕೊಡುವ ಬ್ರಾಯ್ಲ್ಸ್ ಪ್ರಶಸ್ತಿ 1996ರಲ್ಲಿ ಆರಂಭವಾದಾಗ ಅದನ್ನು ಮೊದಲು ಪಡೆದವರು ಅವರೇ. ಐಯೋವಾ ವಿಶ್ವವಿದ್ಯಾಲಯಕ್ಕೆ 1999ರಲ್ಲಿ ಸಹಾಯಕ ಕೋಚ್ ಆಗಿ ಬಂದ ಫಿಲ್ ಪಾರ್ಕರ್‌ಗೆ ಅದೇ ಪ್ರಶಸ್ತಿ ದೊರೆತದ್ದು 2023ರಲ್ಲಿ. ಇವರನ್ನು ಹೆಡ್ ಕೋಚ್ ಆಗಲಾರದೆ ಉಳಿದವರೆಂದು ಕರೆಯಲು ನನಗೆ ನಾಲಗೆ ಬರುವುದಿಲ್ಲ. ಹೆಡ್ ಕೋಚ್‌ನ ದಿನದ ಬಹುಪಾಲು ದಾನಿಗಳು, ಪತ್ರಕರ್ತರು, ಆಡಳಿತದವರ ಜೊತೆಗೆ ಕಳೆಯುತ್ತದೆ. ಹುಡುಗನ ಹೆಜ್ಜೆಯನ್ನು ತಿದ್ದುವ ಸಮಯ ಸಹಾಯಕನಿಗೇ ಹೆಚ್ಚು.

ಹಣದ ವಿಷಯವನ್ನೂ ಮುಚ್ಚಿಡುವುದಿಲ್ಲ. 1990ರ ದಶಕದಲ್ಲಿ ಒಂದು ವರ್ಗದ ಸಹಾಯಕ ಕೋಚ್‌ಗಳ ಸಂಬಳಕ್ಕೆ ಎನ್‌ಸಿಎಎ ವರ್ಷಕ್ಕೆ 16,000 ಡಾಲರ್ ಮಿತಿ ಹಾಕಿತ್ತು. ಕೋಚ್‌ಗಳು ನ್ಯಾಯಾಲಯಕ್ಕೆ ಹೋದರು, 1999ರಲ್ಲಿ 5.45 ಕೋಟಿ ಡಾಲರ್‌ಗೆ ರಾಜಿಯಾಯಿತು. 2018ರಲ್ಲಿ ಲೂಸಿಯಾನಾ ಸ್ಟೇಟ್‌ನ ಡಿಫೆನ್ಸ್ ಮುಖ್ಯಸ್ಥ ಡೇವ್ ಅರಾಂಡಾ ಅವರ ಸಂಬಳ ವರ್ಷಕ್ಕೆ 25 ಲಕ್ಷ ಡಾಲರ್ ಆಯಿತು. ಸಣ್ಣ ಕಾಲೇಜುಗಳಲ್ಲಿ ಮಾತ್ರ ಇಂದಿಗೂ ಕೈ ಬಿಗಿಹಿಡಿದೇ ಸಂಸಾರ ನಡೆಸಬೇಕು, ಅದಕ್ಕೆ ಮನೆಯವರ ಒಪ್ಪಿಗೆಯನ್ನು ಮೊದಲೇ ಪಡೆಯಿರಿ.

ಸಣ್ಣ ಕಾಲೇಜಿಗೇ ಹೋಗಿ. ಸಹಿ ಹಾಕುವ ಮೊದಲು, ಯಾವ ಸ್ಥಾನದ ಆಟಗಾರರು ಪೂರ್ತಿಯಾಗಿ ನಿಮ್ಮವರು, ಪಂದ್ಯದ ನಂತರ ವಿಡಿಯೊ ನೋಡಿ ಅವರಿಗೆ ಅಂಕ ಕೊಡುವವರು ಯಾರು, ಹೊಸ ಹುಡುಗರನ್ನು ಕರೆತರಲು ಯಾವ ಪ್ರದೇಶವನ್ನು ನಿಮಗೆ ಬಿಟ್ಟುಕೊಡುತ್ತಾರೆ ಎಂಬುದನ್ನು ಬಾಯಿಬಿಟ್ಟು ಕೇಳಿ. ಆ ಕಾಲೇಜು ಹಿಂದೆ ಯಾರಿಗಾದರೂ ಎಚ್-1ಬಿ ಅರ್ಜಿ ಹಾಕಿದೆಯೇ ಎಂಬುದನ್ನು ಕೋಚ್‌ನ ಬಳಿ ವಿಚಾರಿಸಬೇಡಿ; ಮಾನವ ಸಂಪನ್ಮೂಲ ವಿಭಾಗಕ್ಕೆ ನೀವೇ ಇಮೇಲ್ ಬರೆದು, ಉತ್ತರವನ್ನು ಲಿಖಿತವಾಗಿ ತರಿಸಿಕೊಳ್ಳಿ.